ತಲೆ ಎಣಿಕೆ ಸರಿಯಾಗಿತ್ತು

ಡ್ರಿಲ್ ಮೇಷ್ಟ್ರು ಸೀಟಿ ಊದಿದರೆ ಶಾಲೆಯ ಕಾಂಪೌಂಡಿನಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವರೂ ಒಮ್ಮೆ ಬ್ರೇಕು ಹಿಡಿಯುತ್ತಿದ್ದರಂತೆ. ಗಂಡುಮಕ್ಕಳ ಹೈಸ್ಕೂಲಿಗೆ ಅವರು ಸೇರಿದಾಗ ತಲೆಗೂದಲು ಕಪ್ಪಗಿತ್ತು. ಅದು ಬೆಳ್ಳಗಾಗಿ, ನಡುನೆತ್ತಿಯಲ್ಲಿ ಇದೆಯೋ ಇಲ್ಲವೋ ಎನ್ನುವ ಹಾಗಾಗುವ ತನಕ ಅದೇ ಮೈದಾನದಲ್ಲಿ, ಅದೇ ಬೇವಿನ ಮರದ ನೆರಳಿನಲ್ಲಿ ನಿಂತರು. ಅವರ ಬದುಕಿನಲ್ಲಿ ಎಲ್ಲವೂ ನೇರ ಗೆರೆಯಲ್ಲಿತ್ತು. ಮನೆಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿ, ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ, ಒಣಹಾಕಿದ ಬಟ್ಟೆಗಳು ಅಂಚಿಗೆ ಅಂಚು ಹೊಂದಿಕೊಂಡು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. "ನಮ್ಮ ವಾರ್ಡಿನ ರೋಗಿಗಳೂ ಇಷ್ಟು ಶಿಸ್ತಾಗಿ ಮಲಗಲ್ಲ, ಇವರ ಬಟ್ಟೆ ಮಲಗುತ್ತೆ" ಎಂದು ಆಕೆ ನೆರೆಹೊರೆಯವರ ಮುಂದೆ ನಗುತ್ತಿದ್ದಳು.

ಹೀಗಿರುವಾಗ ಮೇಷ್ಟ್ರ ಬಲಗಾಲಿನ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ಕೋಲು ಹಿಡಿದು ನಡೆಯುವ ಹಂತ ದಾಟಿ ಕುಂಟುತ್ತ ನಡೆಯುವ ಹಂತಕ್ಕೆ ಬಂದರು. ಆಗ ಮೇಲಿನವರು ಕರೆದು, "ಒಂದು ಟರ್ಮು ವಿಶೇಷ ಮಕ್ಕಳ ಶಾಲೆಯಲ್ಲಿರಿ. ಅಲ್ಲಿ ಓಡೋ ಕೆಲಸ ಇರಲ್ಲ. ಕಾಲು ಸರಿಹೋದ ಮೇಲೆ ವಾಪಸ್ ಬರುವಿರಂತೆ" ಎಂದರು. ಮೇಷ್ಟ್ರು ಒಪ್ಪಿದರು. ಹೇಳಿದವರಿಗೂ ಆ ಶಾಲೆ ಏನೆಂದು ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ.

ಆ ಶಾಲೆ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಹಳೆಯ ಗೋದಾಮೊಂದನ್ನು ನಾಲ್ಕು ಕೋಣೆ ಮಾಡಿದ ಕಟ್ಟಡದಲ್ಲಿತ್ತು. ಮೆಟ್ಟಿಲಿರಬೇಕಾದಲ್ಲೆಲ್ಲ ಇಳಿಜಾರು. ಗೋಡೆಗಳಿಗೆ ಮಕ್ಕಳ ಕೈಯೆತ್ತರದಲ್ಲಿ ಹಿಡಿದುಕೊಳ್ಳಲು ಕಂಬಿ. ಹಿಂದೆ ಒಂದು ಅಂಗಳ, ಅದನ್ನೇ ಎಲ್ಲರೂ ಮೈದಾನ ಎನ್ನುತ್ತಿದ್ದರು. ಹೆಡ್ ಮೇಡಂ ದಪ್ಪ ಕನ್ನಡಕದ, ಸಣ್ಣ ದನಿಯ ಹೆಂಗಸು. "ಈ ಟರ್ಮಿನ ಚಟುವಟಿಕೆಯೆಲ್ಲ ನಿಮ್ದು. ಆಟ, ಕೈತೋಟ, ಬುಧವಾರ ಮಧ್ಯಾಹ್ನ ಹೊರಗಡೆ ಸುತ್ತಾಟ" ಎಂದು ಮೇಷ್ಟ್ರಿಗೆ ಒಪ್ಪಿಸಿದರು.

"ಗುರಿ ಏನು ಮೇಡಂ? ಕೊನೆಗೆ ಏನು ತೋರಿಸ್ಬೇಕು?"

"ಯಾರಿಗೆ ತೋರಿಸ್ತೀರಿ? ಮಕ್ಕಳು ಖುಷಿಯಾಗಿರ್ಲಿ, ಕಳೆದುಹೋಗ್ದೇ ಇರ್ಲಿ. ಅಷ್ಟು ಸಾಕು."

ಮೇಷ್ಟ್ರಿಗೆ ಇದರ ತಲೆಬುಡ ತಿಳಿಯಲಿಲ್ಲ. ಖುಷಿಯನ್ನು ಯಾವ ಟೇಪು ಹಿಡಿದು ಅಳೆಯುವುದು?

ಮೊದಲ ದಿನ ಅಭ್ಯಾಸಬಲದಿಂದ ಸೀಟಿ ಊದಿದರು. ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಕುಸಿದು ಕೂತ. ಇನ್ನೊಬ್ಬ ಅಷ್ಟೇ ಜೋರಾಗಿ ಸೀಟಿಯ ಹಾಗೆಯೇ ಕೂಗಿ ಉತ್ತರ ಕೊಟ್ಟ. ಮೂರನೆಯವನು ಬಂದು ಅವರ ಸೊಂಟ ಅಪ್ಪಿಕೊಂಡು, "ನಾಳೆ ಮೋಡ ಕವಿದ ವಾತಾವರಣ, ಅಲ್ಲಲ್ಲಿ ತುಂತುರು ಮಳೆ" ಎಂದ. ಅವನನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಹವಾಮಾನದ ವರದಿ ಬಿಟ್ಟು ಅವನು ಬೇರೆ ಮಾತಾಡಿದ್ದು ಕಡಿಮೆ. ಗಾಲಿಕುರ್ಚಿಯಲ್ಲಿ ಕೂತ ಸಣಕಲು ಹುಡುಗನೊಬ್ಬ ಇದನ್ನೆಲ್ಲ ನೋಡಿ ಭುಜ ಕುಣಿಸಿ ನಕ್ಕ. ಅವನಿಗೆ ಮಾತು ಹೊರಡದು. ತೊಡೆಯ ಮೇಲೆ ಅಕ್ಷರ ಬರೆದ ಹಲಗೆಯೊಂದನ್ನು ಇಟ್ಟುಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಹೇಳಬೇಕಾದ್ದನ್ನು ಹೇಳುತ್ತಿದ್ದ. ಹೇಳುವುದಕ್ಕೆ ಎಷ್ಟು ಹೊತ್ತಾದರೂ ಸರಿ, ವಾದ ಮಾತ್ರ ಬಿಡುತ್ತಿರಲಿಲ್ಲ. ಹಾಗಾಗಿ ಅವನು ವಕೀಲ. ಅವತ್ತು ಅವನು ಮೇಷ್ಟ್ರನ್ನು ಕರೆದು ಹಲಗೆಯ ಮೇಲೆ ಹೇಳಿದ ಮೊದಲ ಮಾತು: "ಸೀಟಿ ಸಾಕು."

ಎಲ್ಲರಿಗಿಂತ ಹೆಚ್ಚು ತಲೆ ತಿಂದವಳು ಮಹಾರಾಣಿ. ಹದಿನಾಲ್ಕರ ಹುಡುಗಿ, ದುಂಡು ಮುಖ, ಗತ್ತಿನ ನಡಿಗೆ. ತನಗೆ ಬೇಕಾದಲ್ಲಿ ಕೂರುತ್ತಾಳೆ, ಬೇಕಾದಾಗ ಏಳುತ್ತಾಳೆ. ಎಬ್ಬಿಸಲು ಹೋದವರ ಮುಖವನ್ನು, ಇವರು ಯಾರ ಪೈಕಿ ಎನ್ನುವಂತೆ ನೋಡುತ್ತಾಳೆ. ಒಂದು ದಿನ ಇದ್ದಕ್ಕಿದ್ದಂತೆ ಎದ್ದವಳೇ ಅಂಗಳದ ಸುತ್ತ ಓಡಿಬಿಟ್ಟಳು. ಎಂಥ ಓಟ! ಮೊಣಕೈ ಮೈಗೆ ಹತ್ತಿಸಿ, ಗದ್ದ ಎತ್ತಿ, ಹೇಳಿಕೊಟ್ಟವರ ಹಾಗೆ. ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಮರುದಿನ ಬೇಗ ಬಂದು ಮಂಡಿ ನೋವು ಲೆಕ್ಕಿಸದೆ ಬಗ್ಗಿ ಬಗ್ಗಿ ಸುಣ್ಣದ ಪುಡಿಯಲ್ಲಿ ಓಟದ ಪಟ್ಟಿ ಎಳೆದರು. ಮಹಾರಾಣಿ ಬಂದಳು, ಗೆರೆಯನ್ನು ನೋಡಿದಳು, ಅದರ ಮೇಲೆ ಕೂತಳು. ಮಧ್ಯಾಹ್ನದ ತನಕ ಏಳಲಿಲ್ಲ.

"ನಿನ್ನೆ ಓಡಿದವಳು ಇವತ್ತು ಯಾಕೆ ಓಡಲ್ಲ?" ಎಂದು ಮೇಷ್ಟ್ರು ಆಯಾಳನ್ನು ಕೇಳಿದರು. ಮಕ್ಕಳನ್ನು ಕರೆದೊಯ್ಯುವುದು, ಉಣಿಸುವುದು, ತೊಳೆಯುವುದು ಎಲ್ಲ ಅವಳದೇ. ಮೂಗುಬೊಟ್ಟಿನ, ಗಟ್ಟಿ ಕೈಯ ಹೆಂಗಸು.

"ನಿನ್ನೆ ಓಡಿದ್ಲಲ್ಲ ಸಾರ್, ಅದಕ್ಕೇ ಇರ್ಬೇಕು" ಎಂದಳು ಆಯಾ.

ಮನೆಗೆ ಬಂದರೆ ಮೇಷ್ಟ್ರ ಬಾಯಿಗೆ ಬಿಡುವಿಲ್ಲ. ಮಹಾರಾಣಿ ಹೀಗೆ ಮಾಡಿದಳು, ವಕೀಲ ಹಾಗೆಂದ, ರೇಡಿಯೋ ಹೇಳಿದ ಮಳೆ ನಿಜಕ್ಕೂ ಬಂತು. "ಏನೂ ಅರ್ಥ ಆಗ್ತಿಲ್ಲ ಕಣೇ" ಎಂದು ಪ್ರತಿ ಸಲ ಮುಗಿಸುತ್ತಿದ್ದರು. ಹೆಂಡತಿ ಬಟ್ಟೆ ಮಡಿಸುತ್ತ, "ರೀ, ಮದುವೆ ಆದಾಗಿಂದ ನೀವು ಶಾಲೆ ವಿಷಯ ಇಷ್ಟು ಮಾತಾಡಿದ್ದು ಇದೇ ಮೊದಲು. ಅರ್ಥ ಆಗ್ದೇ ಇರೋದೇ ಒಳ್ಳೇದು ಅನ್ಸುತ್ತೆ" ಎನ್ನುತ್ತಿದ್ದಳು. ಮೇಷ್ಟ್ರಿಗೆ ನಗು ಬರುತ್ತಿರಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು, ತಾನು ಕಲಿಸುತ್ತಿದ್ದೇನೋ ಸುಮ್ಮನೆ ಹೊತ್ತು ಕಳೆಯುತ್ತಿದ್ದೇನೋ ಎಂದು ಯೋಚಿಸುತ್ತಿದ್ದರು.

ಟರ್ಮಿನ ನಡುವಿನ ಒಂದು ಬುಧವಾರ ಆ ಘಟನೆ ನಡೆಯಿತು.

ಸುತ್ತಾಟಕ್ಕೆ ಹೊರಡುವಾಗ ಮಕ್ಕಳು ಯೂನಿಫಾರ್ಮಿನ ಮೇಲೆ ಹಳದಿ ಸ್ವೆಟರು ಹಾಕುತ್ತಿದ್ದರು, ವಾಹನದವರ ಕಣ್ಣಿಗೆ ದೂರದಿಂದಲೇ ಬೀಳಲಿ ಎಂದು. ಒಂದು ಉದ್ದದ ಹಗ್ಗ, ಅದಕ್ಕೆ ಮಾರುದ್ದಕ್ಕೊಂದು ಗಂಟು. ಒಂದೊಂದು ಗಂಟಿಗೆ ಒಂದೊಂದು ಮಗುವಿನ ಕೈ. ಈ ಹಗ್ಗ ಮೇಷ್ಟ್ರದೇ ಏರ್ಪಾಡು, ಇಡೀ ಟರ್ಮಿನಲ್ಲಿ ಅವರು ಅಂದುಕೊಂಡ ಹಾಗೆ ನಡೆದಿದ್ದ ಒಂದೇ ಒಂದು ಸಂಗತಿ. ಹಗ್ಗದ ತುದಿ ಹಿಡಿದು ಅವರು ಮುಂದೆ, ಗಂಟುಗಳಿಗೆ ಒಟ್ಟು ಒಂಬತ್ತು ಮಕ್ಕಳು, ಅವರಲ್ಲಿ ಕೊನೆಯ ಗಂಟಿಗೆ ಮಹಾರಾಣಿ, ಅವಳ ಹಿಂದೆ ವಕೀಲನ ಗಾಲಿಕುರ್ಚಿ ತಳ್ಳುತ್ತ ಆಯಾ. ತರಗತಿಯ ಟೀಚರ್ ಅವತ್ತು ರಜ. ಹೆಡ್ ಮೇಡಂ ಯಾವುದೋ ಮೀಟಿಂಗಿಗೆ ಹೋಗಿದ್ದರು.

ಮಾರ್ಕೆಟ್ಟಿನ ಬೀದಿಯಲ್ಲಿ ಒಂದು ಲಾಂಡ್ರಿ. ಬೀದಿಗೆ ತೆರೆದ ಅಂಗಡಿ, ಒಳಗೆ ಎರಡು ಮಷೀನು, ಮುಂದೆ ಇಸ್ತ್ರಿ ಮೇಜು, ಮೇಲೆ ಪ್ಲಾಸ್ಟಿಕ್ ಹೊದ್ದು ನೇತಾಡುವ ಕೋಟುಗಳು. ಅದನ್ನು ದಾಟುವಾಗ ಗಾಲಿಕುರ್ಚಿಯ ಮುಂದಿನ ಚಕ್ರ ಚರಂಡಿಯ ಜಾಲರಿಗೆ ಸಿಕ್ಕಿಹಾಕಿಕೊಂಡಿತು. ಆಯಾ ಬಗ್ಗಿ ಎಳೆಯತೊಡಗಿದಳು. ಮೇಷ್ಟ್ರು ಮುಂದಿನ ತಿರುವಿನಲ್ಲಿ ಬರುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದಿದ್ದರು. ಲಾರಿ ನಿಂತ ಮೇಲೆ ತಿರುಗಿ ನೋಡಿದರು. ಎಲ್ಲ ಗಂಟಿಗೂ ಕೈ ಇತ್ತು, ಎಲ್ಲ ಕೈಯ ಹಿಂದೆ ಹಳದಿ ಇತ್ತು. ಎಣಿಸಿದರು, ಒಂಬತ್ತು. ಮುಂದೆ ನಡೆದರು. ಆಯಾ ಚಕ್ರ ಬಿಡಿಸಿಕೊಂಡು ಸಾಕಷ್ಟು ಹಿಂದಿನಿಂದ ಬಂದಳು.

ಶಾಲೆಗೆ ಬಂದ ಮೇಲೆ ಅದೇ ಹಗ್ಗದ ಗಂಟು ಬಿಚ್ಚಿ ಅಂಗಳದಲ್ಲಿ ಆಟ ಶುರುವಾಯಿತು. ಒಂದು ತುದಿ ಮೇಷ್ಟ್ರು, ಇನ್ನೊಂದು ತುದಿ ಆಯಾ ಹಿಡಿದು ಬೀಸುವುದು, ಮಕ್ಕಳು ಹಾರುವುದು. ಹಾರುವುದೆಂದರೆ ಹೆಸರಿಗೆ. ಕೆಲವರು ನೆಲದ ಮೇಲೆ ಬಿದ್ದ ಹಗ್ಗವನ್ನು ದಾಟುತ್ತಿದ್ದರು, ಕೆಲವರು ಅದನ್ನು ತುಳಿದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮಹಾರಾಣಿ ಕಾಣಲಿಲ್ಲ. ಅವಳು ಸುತ್ತಾಟದಿಂದ ಬಂದರೆ ಸೀದಾ ಚಾಪೆಗಳ ಕೋಣೆಗೆ ಹೋಗಿ, ಮನೆಗೆ ಹೋಗುವ ತನಕ ಅಲ್ಲೇ ಕೂರುವುದು ವಾಡಿಕೆ. ಹಾಗಾಗಿ ಯಾರೂ ಹುಡುಕಲಿಲ್ಲ.

ಆಗ ಎತ್ತರದ ಒಬ್ಬಳು ಹಗ್ಗದೊಳಗೆ ಬಂದಳು. ಹಳದಿ ಸ್ವೆಟರು, ಒಂಟಿ ಜಡೆ, ದೊಡ್ಡ ಪಾದ. ಮೇಷ್ಟ್ರಿಗೆ ಅವಳ ಪರಿಚಯವಿರಲಿಲ್ಲ. ಹಿರಿಯ ಮಕ್ಕಳ ತರಗತಿ ಮುಂದಿನ ಕೋಣೆಯಲ್ಲಿ ನಡೆಯುತ್ತಿತ್ತು, ಅಲ್ಲಿಯವಳಿರಬೇಕು ಎಂದುಕೊಂಡರು. ಅವಳು ಹಗ್ಗವನ್ನೇ ನೋಡುತ್ತ ನಿಂತಳು. ಹಗ್ಗ ಬಂತು, ಕಾಲಿಗೆ ತಾಕಿತು. ಮತ್ತೆ ಬಂತು, ಮತ್ತೆ ತಾಕಿತು. "ಹಗ್ಗ ನೋಡ್ಬೇಡ, ನನ್ನ ಕೈ ನೋಡು" ಎಂದರು ಮೇಷ್ಟ್ರು. ಅವಳು ಅವರ ಕೈ ನೋಡಿದಳು. ಹಾರಿದಳು.

ಹಾರಿದವಳು ನಿಲ್ಲಲೇ ಇಲ್ಲ. ಜಡೆ ಬಿಚ್ಚಿಕೊಂಡಿತು, ಚಪ್ಪಲಿ ಎಲ್ಲೋ ಹೋಯಿತು. ಬಾಯಿ ತುಂಬ ನಗು, ಆದರೆ ಸದ್ದಿಲ್ಲ. ಹಗ್ಗ ನೆಲಕ್ಕೆ ಬಡಿಯುವ ಸದ್ದು, ಅವಳ ಪಾದದ ಸದ್ದು, ಅಷ್ಟೇ. ಮಕ್ಕಳೆಲ್ಲ ಸುತ್ತ ನಿಂತರು. ಮೇಷ್ಟ್ರ ಬಾಯಿಂದ "ಶಭಾಷ್!" ಎಂಬ ಮಾತು ಬಂತು. ಈ ಶಾಲೆಗೆ ಬಂದಮೇಲೆ ಆ ಮಾತು ಬಾಯಿಂದ ಹೊರಟದ್ದು ಅದೇ ಮೊದಲು. ನಾನು ಹೇಳಿದ್ದು ಒಬ್ಬಳಿಗಾದರೂ ತಲುಪಿತಲ್ಲ ಎಂದು ಇನ್ನಷ್ಟು ಹುರುಪಿನಿಂದ ಬೀಸಿದರು.

ಅಷ್ಟರಲ್ಲಿ ವಕೀಲ ಹಲಗೆ ಕುಟ್ಟಿ ಕುಟ್ಟಿ ಕರೆಯುತ್ತಿದ್ದ. ಮೇಷ್ಟ್ರು ಅವಸರದಲ್ಲಿ ಬಗ್ಗಿದರು. ಬೆರಳು ಮೊದಲು 'ಹೊ' ಎಂಬಲ್ಲಿ, ಆಮೇಲೆ 'ಸ' ಎಂಬಲ್ಲಿ ನಿಂತಿತು. "ಹೊಸದು ಬೇಕಾ? ತಗೋ" ಎಂದು ಪೆಟ್ಟಿಗೆಯಿಂದ ಹೊಸ ಚೆಂಡೊಂದನ್ನು ತೆಗೆದು ಅವನ ಮಡಿಲಲ್ಲಿಟ್ಟು ಮತ್ತೆ ಹಗ್ಗಕ್ಕೆ ಓಡಿದರು. ವಕೀಲ ಆ ಚೆಂಡನ್ನು ಒಮ್ಮೆ, ಮೇಷ್ಟ್ರನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ.

ಶಾಲೆ ಬಿಟ್ಟಿತು. ವ್ಯಾನುಗಳು ಬಂದವು, ಹೋದವು. ಅಂಗಳದ ಮೂಲೆಯಲ್ಲಿ ಆ ಎತ್ತರದವಳು ಚಾಪೆಗಳನ್ನೆಲ್ಲ ಅಂಚಿಗಂಚು ಹೊಂದಿಸಿ ಮಡಿಸಿಟ್ಟು, ಅದರ ಪಕ್ಕದಲ್ಲಿ ಕೂತಿದ್ದಳು. ಅವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಬಾಗಿಲಲ್ಲಿ ಬ್ಯಾಂಕಿನ ಕಾವಲುಗಾರನ ಸಮವಸ್ತ್ರದ ದಪ್ಪ ಮೀಸೆಯವನೊಬ್ಬ ನಿಂತಿದ್ದ. ಅವನು ಮಹಾರಾಣಿಯ ಅಪ್ಪ.

"ನಮ್ಮ ಹುಡುಗಿ ಎಲ್ಲಿ ಸಾರ್?"

"ಚಾಪೆ ಕೋಣೇಲಿರ್ತಾಳೆ" ಎಂದು ಮೇಷ್ಟ್ರು ಹೋಗಿ ನೋಡಿದರು. ಕೋಣೆ ಖಾಲಿ. ಶೌಚಾಲಯ ನೋಡಿದರು, ಅಡುಗೆಮನೆ ನೋಡಿದರು, ಮುಂದಿನ ಕೋಣೆಯ ಮೇಜಿನ ಕೆಳಗೆ ನೋಡಿದರು. "ಎಣಿಸಿದ್ದೆನಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. "ಒಂಬತ್ತೂ ಇತ್ತಲ್ಲ." ಆಮೇಲೆ ಚಾಪೆಯ ಪಕ್ಕದಲ್ಲಿ ಕೂತವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಕೂದಲಲ್ಲಿ ಅಲ್ಲಲ್ಲಿ ಬಿಳಿ ಎಳೆಗಳಿದ್ದವು. ಕಣ್ಣಂಚಿನಲ್ಲಿ ಸುಕ್ಕುಗಳಿದ್ದವು.

"ಇವಳು ಯಾರು?" ಎಂದು ಆಯಾಳ ಕಡೆ ತಿರುಗಿದರು.

ಆಯಾ ಕಣ್ಣುಬಾಯಿ ಬಿಟ್ಟಳು. "ನಿಮ್ಮ ಮಗಳಲ್ವಾ ಸಾರ್? ಶಭಾಷ್ ಶಭಾಷ್ ಅಂತಿದ್ರಿ, ನಿಮ್ಮ ಜೊತೆ ಬಂದಿರ್ಬೇಕು ಅಂದ್ಕೊಂಡೆ!"

ಮಹಾರಾಣಿಯ ಅಪ್ಪ ಕೂಗಾಡಿದ್ದರೆ ಮೇಷ್ಟ್ರು ತಡೆದುಕೊಳ್ಳಬಹುದಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಅಷ್ಟೇ. ಆ ಹೊತ್ತಿಗೆ ಆಫೀಸಿನಲ್ಲಿ ಫೋನು ಹೊಡೆದುಕೊಂಡಿತು. ಮೇಷ್ಟ್ರು ಕುಂಟುಗಾಲಲ್ಲೇ ಓಡಿದರು.

"ಇದು ವಿಶೇಷ ಮಕ್ಕಳ ಶಾಲೆನಾ?" ಹೆಂಗಸಿನ ದನಿ, ಏದುಸಿರು. "ನಿಮ್ಮ ಹುಡುಗಿ ಇಲ್ಲಿ, ಮಾರ್ಕೆಟ್ ಬೀದಿ ಲಾಂಡ್ರೀಲಿದಾಳೆ. ಕೊರಳಿನ ಕಾರ್ಡಲ್ಲಿ ನಂಬರಿತ್ತು. ಸ್ವೆಟರ್ ಒಳಗಿತ್ತು, ಈಗ ನೋಡಿದೆ. ನಮ್ಮ ಪಾಪು ಎಲ್ಲಿ?"

ಮೇಷ್ಟ್ರಿಗೆ ಹೋದ ಜೀವ ಅರ್ಧ ಬಂತು. "ಪಾಪು? ಇಲ್ಲಿ ಪಾಪು ಯಾವುದೂ ಇಲ್ಲಮ್ಮ. ಇದು ದೊಡ್ಡ ಮಕ್ಕಳ ಶಾಲೆ."

"ಬೀದಿ ಬೀದಿ ಹುಡುಕಿ ಬಂದೆ ಸಾರ್. ಪಾಪು ಹಳದಿ ಸ್ವೆಟರ್ ಹಾಕಿದಾಳೆ."

"ನಡೆಯೋಕೆ ಬರುತ್ತಾ? ಎಷ್ಟು ವಯಸ್ಸು ಪಾಪೂಗೆ?"

"ಮೂವತ್ತನಾಲ್ಕು."

ಮೇಷ್ಟ್ರು ಫೋನು ಹಿಡಿದುಕೊಂಡೇ ಕಿಟಕಿಯಾಚೆ ನೋಡಿದರು. ಮೂವತ್ತನಾಲ್ಕರ ಪಾಪು ಆಯಾ ಕೊಟ್ಟ ಲೋಟದಿಂದ ಹಾಲು ಕುಡಿಯುತ್ತಿದ್ದಳು.

ಮೇಷ್ಟ್ರು, ಪಾಪು, ಮಹಾರಾಣಿಯ ಅಪ್ಪ ಮೂವರೂ ಲಾಂಡ್ರಿಗೆ ನಡೆದೇ ಹೋದರು. ಪಾಪು ದಾರಿಯುದ್ದಕ್ಕೂ ಮೇಷ್ಟ್ರ ಅಂಗಿಯ ತೋಳು ಬಿಡಲಿಲ್ಲ. ಇಸ್ತ್ರಿ ಮೇಜಿನ ಹಿಂದೆ, ಪಾಪು ದಿನಾ ಕೂರುವ ಎತ್ತರದ ಸ್ಟೂಲಿನ ಮೇಲೆ ಮಹಾರಾಣಿ ಕೂತಿದ್ದಳು. ಎದುರಿಗೆ ಕಾಲುಚೀಲಗಳ ಗುಡ್ಡೆ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ಜೋಡಿ ಹುಡುಕಿ ಪಕ್ಕಕ್ಕಿಡುತ್ತಿದ್ದಳು. ಅಂಗಡಿಯವಳ ಊಟದ ಡಬ್ಬಿ ಖಾಲಿಯಾಗಿ ಬಿದ್ದಿತ್ತು. ಅಪ್ಪನನ್ನು ನೋಡಿ, ಬಂದೆಯಾ, ಇರು ಎನ್ನುವ ಹಾಗೆ ಕೈ ಮಾಡಿದಳು. ಆ ದಪ್ಪ ಮೀಸೆಯವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡ. ಗುಡ್ಡೆ ಮುಗಿಯುವ ತನಕ ಮಗಳು ಏಳಲಿಲ್ಲ, ಅವನೂ ಎಬ್ಬಿಸಲಿಲ್ಲ.

ಲಾಂಡ್ರಿಯವಳು ಐವತ್ತರ ಹೆಂಗಸು, ಪಾಪುವಿನ ಅಕ್ಕ. ತಂಗಿಯ ಕೈ, ಮೊಣಕೈ, ಪಾದ ಎಲ್ಲ ತಿರುಗಿಸಿ ತಿರುಗಿಸಿ ನೋಡಿ, ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೇಷ್ಟ್ರ ಮೇಲೆ ಹರಿಹಾಯ್ದಳು. "ವಯಸ್ಸಾದವರು ಸಾರ್ ನೀವು. ಕೈಗೆ ಸಿಕ್ಕಿದವರನ್ನೆಲ್ಲ ಹಗ್ಗಕ್ಕೆ ಪೋಣಿಸ್ಕೊಂಡು ಹೋಗೋದಾ? ಅಮ್ಮ ಹೋದ ಮೇಲೆ ಇವಳು ಈ ಬೀದಿ ತಿರುವು ದಾಟಿಲ್ಲ. ರಸ್ತೆ ಅಂದ್ರೆ ನಡುಗ್ತಾಳೆ. ನಾನು ಒಳಗೆ ಮಷೀನಿಗೆ ಬಟ್ಟೆ ಹಾಕಿ ಬರೋಷ್ಟರಲ್ಲಿ ಇವಳಿಲ್ಲ, ಇವಳ ಜಾಗದಲ್ಲಿ ಬೇರೆ ಯಾರೋ ಕೂತಿದಾಳೆ! ಯಾರೋ ಗಿರಾಕಿ ಮಗು ಅಂದ್ಕೊಂಡು ಓಡಿದೆ. ನನಗೆ ತಲೆ ಕೆಟ್ಟುಹೋಗಿತ್ತು."

ಮೇಷ್ಟ್ರು "ತಪ್ಪಾಯ್ತಮ್ಮ" ಎಂದರು. ರಸ್ತೆಗೆ ಹೆದರುವವಳು ಹೇಗೆ ಬಂದಳು, ಎಲ್ಲೂ ನಿಲ್ಲದ ಮಹಾರಾಣಿ ಇಲ್ಲಿ ಹೇಗೆ ನಿಂತಳು, ಒಂದೂ ಅರ್ಥವಾಗಲಿಲ್ಲ. ಮನೆಗೆ ಹೋಗಿ ಊಟ ಬಿಟ್ಟರು. "ನನ್ನ ಮಾತು ಕೇಳಿ ಹಾರಿದವಳು ಒಬ್ಬಳೇ ಕಣೇ, ಅವಳೂ ನಮ್ಮವಳಲ್ಲ" ಎಂದು ಹೆಂಡತಿಗೆ ಹೇಳಿದರು. ಆಕೆ ಮೊದಲ ಸಲ ನಗಲಿಲ್ಲ.

ಮರುದಿನ ವಕೀಲನ ಕುರ್ಚಿಯ ಮುಂದೆ ಮಂಡಿ ಹಿಡಿದುಕೊಂಡು ಕೂತು, "ನಿನ್ನೆ ಏನೋ ಹೇಳೋಕೆ ಬಂದೆ, ನಾನು ಪೂರ್ತಿ ಕೇಳ್ಲಿಲ್ಲ. ಈಗ ಹೇಳಪ್ಪ" ಎಂದರು. ವಕೀಲ ನಿಧಾನವಾಗಿ, ಒಂದೂ ಅಕ್ಷರ ಬಿಡದೆ ಬೆರಳಿಟ್ಟ: "ಹೊಸಬಳು. ನಮ್ಮವಳಲ್ಲ. ಚೆಂಡು ವಾಪಸ್ ತಗೊಳ್ಳಿ."

ಮಹಾರಾಣಿಯ ಅಪ್ಪ ಮಗಳನ್ನು ಶಾಲೆಗೆ ಕಳಿಸಲಿಲ್ಲ. ಮೇಷ್ಟ್ರು ಹೆಡ್ ಮೇಡಂ ಮುಂದೆ ತಲೆತಗ್ಗಿಸಿ ನಿಂತು, "ನನ್ನನ್ನ ಹೈಸ್ಕೂಲಿಗೆ ಕಳಿಸಿಬಿಡಿ, ಅಲ್ಲಿ ಯಾರೂ ಅದಲುಬದಲಾಗಲ್ಲ" ಎಂದರು. ಮೇಡಂ ಕನ್ನಡಕ ಒರೆಸುತ್ತ, "ಟರ್ಮ್ ಮುಗೀಲಿ, ನೋಡೋಣ" ಎಂದರಷ್ಟೇ. ಅದು ಬೈದದ್ದೋ, ಸಮಾಧಾನ ಹೇಳಿದ್ದೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ.

ಮುಂದಿನ ವಾರ ಆ ಅಪ್ಪ ತಾನಾಗಿ ಬಂದ. ಮುಖ ಇನ್ನೂ ಗಂಟಿಕ್ಕಿತ್ತು. "ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ ಸಾರ್. ಆದ್ರೆ ಒಂದು ಮಾತು. ಮನೇಲಿ ನಮ್ಮ ಕಾಲುಚೀಲ ಎಲ್ಲ ಮುಗೀತು. ಪಕ್ಕದ ಮನೆಯವರದೂ ತಂದು ಕೊಟ್ಟಾಯ್ತು. ದಿನಾ ಬೆಳಿಗ್ಗೆ ಸ್ವೆಟರ್ ಹಾಕ್ಕೊಂಡು ಬಾಗಿಲಲ್ಲಿ ನಿಲ್ತಾಳೆ, ಶಾಲೆ ಕಡೆ ಕೈ ತೋರಿಸಲ್ಲ, ಮಾರ್ಕೆಟ್ ಕಡೆ ತೋರಿಸ್ತಾಳೆ. ಆ ಲಾಂಡ್ರಿಯವರನ್ನ ನೀವೇ ಒಂದು ಮಾತು ಕೇಳ್ತೀರಾ? ನಾನು ಜೊತೇಲಿ ಇರ್ತೀನಿ."

ಕೇಳಲು ಹೋಗುವುದಕ್ಕೆ ಮೇಷ್ಟ್ರಿಗೆ ಮುಖವಿರಲಿಲ್ಲ. ನೆಪಕ್ಕೆ ಬೀರುವಿನಿಂದ ಎರಡು ಅಂಗಿ ತೆಗೆದು ಇಸ್ತ್ರಿಗೆ ಒಯ್ದರು. ಲಾಂಡ್ರಿಯವಳು ಬಿಡಿಸಿ ನೋಡಿ, "ಇಸ್ತ್ರಿ ಆಗಿದೆಯಲ್ಲ ಸಾರ್, ನನಗಿಂತ ಚೆನ್ನಾಗಿ ಆಗಿದೆ" ಎಂದಳು. ಮೇಷ್ಟ್ರು ಕೆಮ್ಮಿದರು. ಪಾಪು ಅವರನ್ನು ನೋಡಿದವಳೇ ನೇತಾಡುವ ಕೋಟುಗಳ ಹಿಂದೆ ಸರಿದು ನಿಂತಳು. ಅಂದು ತೋಳು ಬಿಡದವಳು ಇಂದು ಗುರುತೇ ಇಲ್ಲದವಳಂತೆ. ಮೇಷ್ಟ್ರಿಗೆ ಯಾಕೋ ಪಿಚ್ಚೆನಿಸಿತು.

ಮಹಾರಾಣಿಯ ವಿಷಯ ಹೇಳಿದಾಗ ಲಾಂಡ್ರಿಯವಳು ಸ್ವಲ್ಪ ಯೋಚಿಸಿ, "ಬರ್ಲಿ. ಅವಳು ಜೋಡಿಸಿದ ಕಾಲುಚೀಲ ಒಂದೂ ತಪ್ಪಿರ್ಲಿಲ್ಲ. ಆದ್ರೆ ಊಟ ತಂದ್ಕೊಳ್ಲಿ" ಎಂದಳು. ಮೇಷ್ಟ್ರು ಹೊರಡಲು ತಿರುಗಿದಾಗ ತಾನೇ ಕೇಳಿದಳು. "ಅವತ್ತು ಮಧ್ಯಾಹ್ನ ಪೂರ್ತಿ ನಮ್ಮ ಪಾಪು ಅಲ್ಲಿ ಏನು ಮಾಡ್ತಿದ್ಲು?"

"ಹಗ್ಗ ಹಾರಿದಳು."

"ಯಾರು? ಪಾಪುನಾ?" ಲಾಂಡ್ರಿಯವಳು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ಹೊಸ್ತಿಲು ದಾಟೋಕೂ ಬಾಗಿಲು ಹಿಡ್ಕೋತಾಳೆ ಸಾರ್ ಅವಳು. ನೀವು ಬೇರೆ ಯಾರನ್ನೋ ನೋಡಿದೀರಿ."

"ಅವಳನ್ನೇ ನೋಡಿದ್ದು. ಬುಧವಾರ ಕರ್ಕೊಂಡು ಬನ್ನಿ, ನೀವೂ ನೋಡಿ."

"ಶಾಲೆಗಾ? ಅವಳೇನು ಮಗುನಾ ಶಾಲೆಗೆ ಬರೋಕೆ? ಅಲ್ವೇನೇ ಪಾಪು?" ಎಂದು ಕೋಟುಗಳ ಕಡೆ ತಿರುಗಿ ಕೇಳಿದಳು. ತಾನು ಹೇಳಿದ್ದು ತನಗೇ ಕೇಳಿಸಿರಬೇಕು, ಅರ್ಧಕ್ಕೆ ನಿಲ್ಲಿಸಿದಳು. ಮೇಷ್ಟ್ರು ನೆಲ ನೋಡಿದರು.

ಶಾಲೆಯ ನಿಯಮದಲ್ಲಿ ಹದಿನೆಂಟು ದಾಟಿದವರಿಗೆ ಜಾಗವಿರಲಿಲ್ಲ. ಹೆಡ್ ಮೇಡಂ ಎಲ್ಲ ಕೇಳಿಸಿಕೊಂಡು, "ಬುಧವಾರ ಮಧ್ಯಾಹ್ನ ನನಗೆ ಮೀಟಿಂಗ್ ಇರುತ್ತೆ" ಎಂದರು. ಮೇಷ್ಟ್ರು ಹೊರಗೆ ಬಂದು ಆಯಾಳಿಗೆ, "ಮೇಡಂ ಬೇಡ ಅಂದ್ರು ಅನ್ಸುತ್ತೆ" ಎಂದರು. ಆಯಾ ಹಣೆ ಚಚ್ಚಿಕೊಂಡಳು. "ಬರ್ಲಿ ಅಂತ ಹೇಳಿದ್ದಾರೆ ಸಾರ್! ಅವರು ನೋಡಲ್ಲ ಅಂದ್ರೆ ಇನ್ನೇನು ಅರ್ಥ?"

ಮಹಾರಾಣಿ ಲಾಂಡ್ರಿಗೆ ಹೋಗತೊಡಗಿದಳು, ಅಪ್ಪ ಬಿಡುವಿನ ಹೊತ್ತಿನಲ್ಲಿ ಹೊಸ್ತಿಲ ಮೇಲೆ ಕಾವಲು. ಆದರೆ ಪಾಪು ಶಾಲೆಗೆ ಬರಲಿಲ್ಲ. ಒಂದು ಬುಧವಾರ ಅಂಗಡಿಯಲ್ಲಿ ಕೆಲಸವೆಂದು, ಇನ್ನೊಂದು ಬುಧವಾರ ನೆಗಡಿಯೆಂದು. ಟರ್ಮು ಮುಗಿಯುತ್ತ ಬಂತು. ಮೇಷ್ಟ್ರ ಕಾಲು ಸರಿಹೋಗಿತ್ತು. ಹೈಸ್ಕೂಲಿನವರು ಕರೆ ಕಳಿಸಿದ್ದರು.

"ಹೊರಡ್ತೀರಾ?" ಎಂದರು ಹೆಡ್ ಮೇಡಂ.

"ಇಲ್ಲಿ ಏನು ನಡೀತಿದೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ ಮೇಡಂ."

"ಹಾಗಾದ್ರೆ ಹೊರಡ್ತೀರಿ."

"ಅದು ಹೇಗೆ ಸಾಧ್ಯ? ಅರ್ಥ ಆಗ್ದೇ ಅರ್ಧಕ್ಕೆ ಬಿಟ್ಟು ಹೋಗೋದು ಹೇಗೆ?" ಎಂದರು ಮೇಷ್ಟ್ರು. ಹೇಳಿದ ಮೇಲೆ, ತಾನು ಇಲ್ಲೇ ಇರುತ್ತೇನೆಂದು ಹೇಳಿಬಿಟ್ಟೆನೇ ಎಂದು ಗಾಬರಿಯಾದರು. ಮೇಡಂ ಆಗಲೇ ಫೋನು ಎತ್ತಿ ಹೈಸ್ಕೂಲಿಗೆ ಸುದ್ದಿ ಹೇಳುತ್ತಿದ್ದರು.

ಟರ್ಮಿನ ಕೊನೆಯ ಬುಧವಾರ ಗೇಟಿನಲ್ಲಿ ಲಾಂಡ್ರಿಯವಳು ಕಾಣಿಸಿಕೊಂಡಳು. ಪಕ್ಕದಲ್ಲಿ ಪಾಪು, ಹಳದಿ ಸ್ವೆಟರು, ಬಿಗಿಯಾಗಿ ಹೆಣೆದ ಜಡೆ. ಮೇಷ್ಟ್ರೂ ಆಯಾಳೂ ಹಗ್ಗ ಬೀಸಿದರು. ಪಾಪು ಗೋಡೆಗೆ ಒರಗಿ ಕೂತಳು. ಮೇಷ್ಟ್ರು ಕೈ ಎತ್ತಿ ತೋರಿಸಿದರು, ಹೆಸರು ಹಿಡಿದು ಕರೆದರು, ತಾವೇ ಈಗಷ್ಟೇ ಸರಿಹೋದ ಕಾಲಲ್ಲಿ ಒಂದು ಸಲ ಹಾರಿ ತೋರಿಸಿ ಹಗ್ಗಕ್ಕೆ ಸಿಕ್ಕಿಕೊಂಡು ಬೀಳುವುದರಲ್ಲಿದ್ದರು. ಮಕ್ಕಳು ಗೊಳ್ಳೆಂದರು. ಪಾಪು ಅಕ್ಕನ ಮುಖವನ್ನೇ ನೋಡುತ್ತಿದ್ದಳು, ಏಳಲಿಲ್ಲ. ರೇಡಿಯೋ ಬಂದು, "ಒಣ ಹವೆ ಮುಂದುವರಿಯಲಿದೆ" ಎಂದು ಪ್ರಕಟಿಸಿ ಹೋದ.

"ನಾನು ಹೇಳಿದ್ದೆನಲ್ಲ ಸಾರ್" ಎಂದಳು ಲಾಂಡ್ರಿಯವಳು. ದನಿಯಲ್ಲಿ ಗೆದ್ದ ಸಮಾಧಾನವಿರಲಿಲ್ಲ. "ಮಷೀನು ಓಡ್ತಿದೆ, ಹೋಗ್ಬೇಕು. ಅವಳು ಬೇಕಾದ್ರೆ ಇಲ್ಲೇ ಕೂತಿರ್ಲಿ. ಸಂಜೆ ಬರ್ತೀನಿ." ತಂಗಿಯ ಜಡೆಯನ್ನೊಮ್ಮೆ ಸವರಿ ಗೇಟಿನ ಕಡೆ ನಡೆದಳು.

ಅವಳು ಗೇಟು ದಾಟಿದ್ದಳೋ ಇಲ್ಲವೋ, ಪಾಪು ಎದ್ದಳು. ಚಪ್ಪಲಿ ಬಿಟ್ಟು ಹಗ್ಗದೊಳಗೆ ಬಂದಳು. ಮೇಷ್ಟ್ರ ಕೈ ನೋಡಿದಳು. ಹಗ್ಗ ನೆಲಕ್ಕೆ ಬಡಿಯಿತು, ದೊಡ್ಡ ಪಾದಗಳು ನೆಲಕ್ಕೆ ಬಡಿದವು, ಮತ್ತೆ ಮತ್ತೆ. ಮೇಷ್ಟ್ರು ಗೇಟಿನ ಕಡೆ ಕತ್ತು ತಿರುಗಿಸಿದರು. ಲಾಂಡ್ರಿಯವಳು ಗೇಟಿನಾಚೆ ಬೆನ್ನು ಹಾಕಿ ನಿಂತಿದ್ದಳು. ಕರೆಯೋಣವೆಂದು ಬಾಯಿ ತೆರೆದರು. ಕರೆದರೆ ಇವಳು ನಿಂತುಬಿಡುತ್ತಾಳೆ, ಕರೆಯದಿದ್ದರೆ ಅವಳು ನೋಡದೆ ಹೋಗುತ್ತಾಳೆ. ಏನು ಮಾಡಬೇಕೋ ತೋಚದೆ ಬೀಸುತ್ತಲೇ ಹೋದರು. ಲಾಂಡ್ರಿಯವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಆ ಪಟ್ಟಿಗೆ ಅಷ್ಟು ಹೊತ್ತು ಹಿಡಿಯುವಂಥದ್ದೇನೂ ಆಗಿರಲಿಲ್ಲ. ಆಮೇಲೆ ತಿರುಗಿ ನೋಡದೆ ಮಾರ್ಕೆಟ್ಟಿನ ಕಡೆ ಹೊರಟುಹೋದಳು.

ಸಂಜೆ ಬಂದು ಕೇಳಿದಳು. "ಹಾರಿದಳಾ?"

ಮೇಷ್ಟ್ರು ಪಾಪುವನ್ನು ನೋಡಿದರು. ಅವಳು ಆಕಾಶ ನೋಡುತ್ತಿದ್ದಳು. ಹೇಳಬಹುದಾದ ಮಾತೋ ಅಲ್ಲವೋ ಅವರಿಗೆ ಗೊತ್ತಾಗಲಿಲ್ಲ. "ನಾನು ಹಗ್ಗದ ಕಡೆ ನೋಡ್ತಿದ್ದೆನಮ್ಮ, ಸರಿಯಾಗಿ ಗಮನಿಸ್ಲಿಲ್ಲ" ಎಂದರು.

"ನಾನೂ ರಸ್ತೆ ಕಡೆ ನೋಡ್ತಿದ್ದೆ" ಎಂದಳು ಲಾಂಡ್ರಿಯವಳು. "ಮುಂದಿನ ಟರ್ಮಲ್ಲೂ ಬುಧವಾರನೇ ಅಲ್ವಾ?"

ಮೇಷ್ಟ್ರು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಕೇಳಿಸಿಕೊಂಡು, "ಹಾಗಾದ್ರೆ ಅಕ್ಕನಿಗೆ ಗೊತ್ತಾಗಿದೆ" ಎಂದಳು.

"ಗೊತ್ತಾಗಿದೆ ಅನ್ಸುತ್ತೆ. ಆದ್ರೆ ಅಕ್ಕನಿಗೆ ಗೊತ್ತಾಗಿದೆ ಅಂತ ಪಾಪೂಗೆ ಗೊತ್ತಾ ಅನ್ನೋದು ನನಗೆ ಗೊತ್ತಾಗ್ಲಿಲ್ಲ."

"ಕೈ ತೊಳ್ಕೊಂಡು ಬನ್ನಿ, ಊಟ ಆರುತ್ತೆ" ಎಂದಳು ಹೆಂಡತಿ.